ತೀರ್ಪು ಸರಿಯಿಲ್ಲ ಅಂದರೆ ಜೈಲಾ? ನ್ಯಾಯಾಂಗ ನಿಂದನೆ ಬಗ್ಗೆ ತಿಳಿದವರು ಹೇಳಿ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮ ತಾಲೂಕು ಕೋರ್ಟಿನಲ್ಲಿ ಜಮೀನಿನ ಕೇಸೊಂದು ಕಳೆದ ವಾರ ನಮ್ಮ ವಿರುದ್ಧ ಆಯಿತು. ಆ ಬೇಜಾರಿನಲ್ಲಿ ನನ್ನ ತಮ್ಮ "ಪಹಣಿಯನ್ನೂ ಸರಿಯಾಗಿ ನೋಡದೆ ತೀರ್ಪು ಕೊಟ್ಟಿದ್ದಾರೆ, ಇದು ನ್ಯಾಯವಾ?" ಅಂತ ವಾಟ್ಸಾಪ್ ಸ್ಟೇಟಸ್ ಹಾಕಿದ. ಸಂಜೆಯೊಳಗೆ ಎದುರು ಪಾರ್ಟಿಯವರು ಫೋನ್ ಮಾಡಿ, "ಸ್ಕ್ರೀನ್‌ಶಾಟ್ ಇದೆ, ನ್ಯಾಯಾಂಗ ನಿಂದನೆ ಕೇಸ್ ಹಾಕ್ತೀವಿ, ಒಳಗೆ ಹೋಗ್ತೀಯ" ಅಂದರು. ಅಮ್ಮ ತುಂಬಾ ಹೆದರಿದ್ದಾರೆ.

ನಿಜವಾಗಲೂ ಇದಕ್ಕೆ ಜೈಲು ಆಗುತ್ತದಾ? ಇನ್ನೊಂದು ಮಾತು. ಸೋತವನು ತನ್ನ ನೋವು ಹೇಳಿಕೊಳ್ಳುವುದೂ ತಪ್ಪು ಅನ್ನುವ ಕಾನೂನು ಈ ಕಾಲದಲ್ಲಿ ಇರಬೇಕಾ? ನಿಮ್ಮ ಅಭಿಪ್ರಾಯ ಹೇಳಿ.

ಗಾಂಧಿಬಜಾರ್_ಹುಡುಗ
ಮೊದಲು ಆ ಸ್ಟೇಟಸ್ ತೆಗೆಸಿ. ಜಡ್ಜ್ ಬಗ್ಗೆ ಮಾತಾಡಿದರೆ 7 ವರ್ಷ ಅಂತ ಕೇಳಿದ್ದೇನೆ. ಬೇಲ್ ಕೂಡ ಸಿಗಲ್ಲವಂತೆ.

ಕರಿಕೋಟು_ಧಾರವಾಡ
7 ವರ್ಷ ಎಲ್ಲಿಂದ ಬಂತು? ಮೊದಲೇ ಹೆದರಿದವರನ್ನು ಇನ್ನಷ್ಟು ಹೆದರಿಸಬೇಡಿ. ನಾನು ಧಾರವಾಡ ಪೀಠದಲ್ಲಿ ವಕೀಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಚ್ಚೆಂದರೆ 6 ತಿಂಗಳು ಸಾದಾ ಸಜೆ, 2,000 ರೂಪಾಯಿ ದಂಡ, ಇಲ್ಲ ಎರಡೂ. ಮನಸ್ಸಿನಿಂದ ಕ್ಷಮೆ ಕೇಳಿದರೆ ಅದನ್ನೂ ಬಿಡಬಹುದು.

ತುಂಗಾತೀರ ಅವರೇ, ನಿಮ್ಮ ತಮ್ಮ ಬರೆದದ್ದು ತೀರ್ಪಿನ ಬಗ್ಗೆ. ಕೇಸ್ ತೀರ್ಮಾನ ಆದ ಮೇಲೆ ತೀರ್ಪನ್ನು ನ್ಯಾಯವಾಗಿ ಟೀಕಿಸುವುದು ನಿಂದನೆ ಅಲ್ಲ ಅಂತ 5ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ. ಇನ್ನು ಎದುರು ಪಾರ್ಟಿಯವರು ತಾವಾಗಿ ಹೋಗಿ ಈ ಕೇಸ್ ಹಾಕಲಿಕ್ಕೆ ಆಗುವುದಿಲ್ಲ. ತಾಲೂಕು ಕೋರ್ಟಿಗೆ ಈ ಕಾಯ್ದೆಯಡಿ ಶಿಕ್ಷೆ ಕೊಡುವ ಅಧಿಕಾರವೇ ಇಲ್ಲ, ಅದು ಹೈಕೋರ್ಟಿನದು. ಕೆಳ ಕೋರ್ಟು ಹೈಕೋರ್ಟಿಗೆ ಬರೆದು ಕಳಿಸಬೇಕು, ಇಲ್ಲ ರಾಜ್ಯದ ಅಡ್ವೊಕೇಟ್ ಜನರಲ್ (ಸರ್ಕಾರದ ಮುಖ್ಯ ವಕೀಲರು) ಅರ್ಜಿ ಹಾಕಬೇಕು, ಇಲ್ಲ ಹೈಕೋರ್ಟ್ ತಾನೇ ಕೈಗೆತ್ತಿಕೊಳ್ಳಬೇಕು. ಅಂಥ ಕೇಸನ್ನು ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳಬೇಕು. ಒಂದು ವಾಟ್ಸಾಪ್ ಸ್ಟೇಟಸ್‌ಗೆ ಇಷ್ಟೆಲ್ಲ ನಡೆಯುವುದನ್ನು ನಾನಂತೂ ನೋಡಿಲ್ಲ.

ಆದರೆ ಒಂದು ಎಚ್ಚರಿಕೆ. "ಜಡ್ಜ್ ದುಡ್ಡು ತಿಂದಿದ್ದಾರೆ" ಅಂತ ಆಧಾರವಿಲ್ಲದೆ ಬರೆದರೆ ಕಥೆ ಬೇರೆ. ಅದು ಟೀಕೆ ಅಲ್ಲ, ಆರೋಪ. ಹಾಗೆ ಬರೆದಿಲ್ಲ ತಾನೆ?

ತುಂಗಾತೀರ
ಇಲ್ಲ ಸರ್, ಮೇಲೆ ಹಾಕಿದ್ದೇ ಅವನು ಬರೆದ ಪೂರ್ತಿ ಮಾತು. ತುಂಬಾ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ.

ಬಯಲುಸೀಮೆ_ಬಸವ
ಸರ್ ಹೇಳಿದ್ದು ಕಾಗದದ ಮೇಲೆ ಸರಿ. ಆದರೆ ನಿಜ ಜೀವನದಲ್ಲಿ ಯಾರು 5ನೇ ಸೆಕ್ಷನ್ ಓದುತ್ತಾರೆ? "ಕಂಟೆಂಪ್ಟ್" ಅನ್ನುವ ಒಂದು ಪದ ಸಾಕು, ಹಳ್ಳಿಯವನು ಬಾಯಿ ಮುಚ್ಚುತ್ತಾನೆ. ಎದುರು ಪಾರ್ಟಿಯವರಿಗೂ ಬೇಕಾಗಿರುವುದು ಅಷ್ಟೇ.

ಹಳೇ_ವರದಿಗಾರ
ಬಸವ ಅವರ ಮಾತು ಒಪ್ಪುತ್ತೇನೆ. ನಾನು ಜಿಲ್ಲಾ ಪತ್ರಿಕೆಗಳಲ್ಲಿ ಕೋರ್ಟ್ ಸುದ್ದಿ ಬರೆದವನು. ಈ ಕಾನೂನಿನಲ್ಲಿ ನನಗೆ ಕಿರಿಕಿರಿ ಆಗುವುದು ಒಂದೇ ವಿಷಯಕ್ಕೆ. ಯಾವ ಮಾತು "ಕೋರ್ಟಿನ ಗೌರವ ತಗ್ಗಿಸುತ್ತದೆ" ಅಂತ ತೀರ್ಮಾನಿಸುವುದು ಕೋರ್ಟೇ. ದೂರುದಾರನೂ ಅದೇ, ತೀರ್ಪುಗಾರನೂ ಅದೇ.

ಹಿಂದಿನದನ್ನು ನೋಡಿ. 1920ರಲ್ಲಿ ಗಾಂಧೀಜಿಯನ್ನೇ ಬಾಂಬೆ ಹೈಕೋರ್ಟ್ ನಿಂದನೆಗೆ ಎಳೆದಿತ್ತು. ಅಹಮದಾಬಾದ್ ಜಿಲ್ಲಾ ನ್ಯಾಯಾಧೀಶರು ಸತ್ಯಾಗ್ರಹಿ ವಕೀಲರ ಬಗ್ಗೆ ಬರೆದ ಪತ್ರವನ್ನು ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅಚ್ಚು ಹಾಕಿದ್ದೇ ತಪ್ಪಾಯಿತು. ಕ್ಷಮೆ ಕೇಳಲು ಗಾಂಧೀಜಿ ಒಪ್ಪಲಿಲ್ಲ. ಕೋರ್ಟ್ ಕಟುವಾಗಿ ಎಚ್ಚರಿಸಿ ಬಿಟ್ಟಿತು. ಅದು ಬ್ರಿಟಿಷರ ಕಾಲ ಅನ್ನೋಣ. ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? ಕೇರಳದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಪತ್ರಿಕಾಗೋಷ್ಠಿಯಲ್ಲಿ ನ್ಯಾಯಾಂಗ ಶ್ರೀಮಂತರ ಪರ ವಾಲುತ್ತದೆ ಅಂದರು. ಹೈಕೋರ್ಟ್ 1,000 ರೂಪಾಯಿ ದಂಡ ಹಾಕಿತು. 1970ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 50 ರೂಪಾಯಿಗೆ ಇಳಿಸಿತು, ತಪ್ಪು ಮಾತ್ರ ತಪ್ಪೇ ಅಂದಿತು. 2002ರಲ್ಲಿ ಅರುಂಧತಿ ರಾಯ್‌ಗೆ ಒಂದು ದಿನ ಜೈಲು, 2,000 ದಂಡ.

ಆದರೆ 1988ರಲ್ಲಿ ಕೇಂದ್ರ ಸಚಿವ ಪಿ. ಶಿವಶಂಕರ್ ಹೆಚ್ಚುಕಡಿಮೆ ನಂಬೂದಿರಿಪಾಡ್ ಹೇಳಿದಂಥದ್ದೇ ಮಾತು ಭಾಷಣದಲ್ಲಿ ಹೇಳಿದ ಕೇಸ್ ಬಂತು. ಆಗ ಸುಪ್ರೀಂ ಕೋರ್ಟ್ ಅದು ನಿಂದನೆ ಅಲ್ಲ ಅಂದಿತು. ಮಾತು ಒಂದೇ ಥರ, ತೀರ್ಪು ಎರಡು ಥರ. ಜನ ಯಾವುದನ್ನು ನಂಬಿ ಮಾತಾಡಬೇಕು?

ಕಾವೇರಿ_ಕಣಿವೆ
2020ರ ವಕೀಲ ಪ್ರಶಾಂತ್ ಭೂಷಣ್ ಕೇಸ್ ಬಿಟ್ಟಿರಿ. ಎರಡು ಟ್ವೀಟ್‌ಗೆ 1 ರೂಪಾಯಿ ದಂಡ.

ಗಾಂಧಿಬಜಾರ್_ಹುಡುಗ
1 ರೂಪಾಯಿ ಅಂದರೆ ಶಿಕ್ಷೆಯೇ ಅಲ್ಲವಲ್ಲ.

ಕಾವೇರಿ_ಕಣಿವೆ
ಕಟ್ಟದಿದ್ದರೆ 3 ತಿಂಗಳು ಜೈಲು, ಸುಪ್ರೀಂ ಕೋರ್ಟಿನಲ್ಲಿ 3 ವರ್ಷ ವಕೀಲಿ ಮಾಡುವ ಹಾಗಿಲ್ಲ ಅಂತ ಇತ್ತು. ಅವರು ಕಟ್ಟಿದರು. ದಂಡ ಚಿಕ್ಕದು, ಅಪರಾಧಿ ಅನ್ನುವ ಹಣೆಪಟ್ಟಿ ಚಿಕ್ಕದಲ್ಲ. ಅವರಿಗೆ ದೊಡ್ಡ ದೊಡ್ಡ ವಕೀಲರು ಜೊತೆ ನಿಂತರು. ನಮ್ಮಂಥವರಿಗೆ ಯಾರು ನಿಲ್ಲುತ್ತಾರೆ?

ನಿವೃತ್ತ_ಮೇಷ್ಟ್ರು_ಹಾಸನ
ಎಲ್ಲರೂ ಟ್ವೀಟ್, ಭಾಷಣ ಅಂತಲೇ ಮಾತಾಡುತ್ತಿದ್ದೀರಿ. ಈ ಕಾನೂನಿನ ಇನ್ನೊಂದು ಮುಖ ಯಾರಿಗೂ ಕಾಣುತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಾನು ಅನುದಾನಿತ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ನಿವೃತ್ತಿ ಆದಾಗ ಹಿಂದಿನ ಸೇವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಪಿಂಚಣಿ ಕಡಿಮೆಯಾಯಿತು. ಹೈಕೋರ್ಟಿಗೆ ರಿಟ್ ಹಾಕಿದೆವು. ಗೆದ್ದೆವು. ಮೂರು ತಿಂಗಳಲ್ಲಿ ಬಾಕಿ ಕೊಡಿ ಅಂತ ಆದೇಶವಾಯಿತು. ಕಚೇರಿಗೆ ಹೋದರೆ "ಫೈಲ್ ಮೇಲೆ ಹೋಗಿದೆ" ಅಂದರು. ಮತ್ತೆ ಹೋದರೆ "ಹಣಕಾಸು ಇಲಾಖೆ ಅಭಿಪ್ರಾಯಕ್ಕೆ ಹೋಗಿದೆ" ಅಂದರು. ಆದೇಶದ ಪ್ರತಿ ಹಿಡಿದು ಕೌಂಟರ್ ಮುಂದೆ ನಿಂತರೆ ಅಲ್ಲಿಯ ಗುಮಾಸ್ತ "ಕೋರ್ಟಿನವರು ನೂರು ಹೇಳ್ತಾರೆ, ದುಡ್ಡು ಅವರು ಕೊಡ್ತಾರಾ" ಅಂದ. ಕೋರ್ಟಿಗೆ ಅಗೌರವ ಅಂದರೆ ಇದು. ಹಳ್ಳಿ ಹುಡುಗನ ಸ್ಟೇಟಸ್ ಅಲ್ಲ.

ಕೊನೆಗೆ ನಮ್ಮ ವಕೀಲರು ನಿಂದನೆ ಅರ್ಜಿ ಹಾಕಿದರು. ಹೈಕೋರ್ಟಿನಲ್ಲಿ ಅದಕ್ಕೆ ಸಿ.ಸಿ.ಸಿ. ಅಂತಾರೆ. ಅಧಿಕಾರಿಗಳ ಹೆಸರು ಹಾಕಿ ನೋಟಿಸ್ ಹೋಯಿತು. ಮುಂದಿನ ವಾಯಿದೆಗೆ ಖುದ್ದು ಹಾಜರಾಗಬೇಕು ಅಂತ ಕೋರ್ಟ್ ಹೇಳಿದ್ದೇ ತಡ, ಅಷ್ಟು ದಿನ ಅಲೆಯುತ್ತಿದ್ದ ಫೈಲಿಗೆ ಸಹಿ ಬಿತ್ತು. ವಾಯಿದೆಗೆ ಮೊದಲೇ ಬಾಕಿ ನನ್ನ ಖಾತೆಗೆ ಬಂತು. ಆ ಕಾನೂನು ಇಲ್ಲದಿದ್ದರೆ ನನ್ನ ತೀರ್ಪು ಬರೀ ಕಾಗದ ಆಗುತ್ತಿತ್ತು. ದಯವಿಟ್ಟು "ನ್ಯಾಯಾಂಗ ನಿಂದನೆ ಕಾನೂನೇ ಬೇಡ" ಅಂತ ಯಾರೂ ಹೇಳಬೇಡಿ.

ಕರಿಕೋಟು_ಧಾರವಾಡ
ಮೇಷ್ಟ್ರು ಹೇಳಿದ್ದು ಸಿವಿಲ್ ನಿಂದನೆ. ಆದೇಶವನ್ನೋ ಕೋರ್ಟಿಗೆ ಕೊಟ್ಟ ಮಾತನ್ನೋ ಬೇಕಂತಲೇ ಮುರಿಯುವುದು. ಮೊದಲಿನವರು ಮಾತಾಡಿದ್ದು ಕ್ರಿಮಿನಲ್ ನಿಂದನೆ. ಕೋರ್ಟಿನ ಹೆಸರಿಗೆ ಕಳಂಕ ತರುವುದು, ನಡೆಯುತ್ತಿರುವ ವಿಚಾರಣೆಗೆ ಅಡ್ಡ ಬರುವುದು ಅದರಲ್ಲಿ ಸೇರುತ್ತದೆ. ಎರಡೂ ಒಂದೇ ಕಾಯ್ದೆಯಲ್ಲಿವೆ. ಹಾಗಾಗಿ ಜನ ಬೆರೆಸಿ ಮಾತಾಡುತ್ತಾರೆ.

ಸಿವಿಲ್ ನಿಂದನೆಗೆ ಯಾರ ಒಪ್ಪಿಗೆಯೂ ಬೇಡ, ಆದೇಶ ಪಡೆದವರೇ ನೇರವಾಗಿ ಅರ್ಜಿ ಹಾಕಬಹುದು. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1995ರಲ್ಲಿ ಹಿರಿಯ ಐಎಎಸ್ ಅಧಿಕಾರಿ ಜೆ. ವಾಸುದೇವನ್ ಅವರಿಗೆ ಸುಪ್ರೀಂ ಕೋರ್ಟ್ ಒಂದು ತಿಂಗಳು ಸಜೆ ಕೊಟ್ಟಿತು. ಬೆಂಗಳೂರು ಪಾಲಿಕೆಯ ಒಬ್ಬ ಎಂಜಿನಿಯರ್ ಪರ ಬಂದ ಆದೇಶ ಜಾರಿ ಆಗಿರಲಿಲ್ಲ. ಆ ಸುದ್ದಿ ಬಂದಾಗ ಸಚಿವಾಲಯಕ್ಕೆ ನಡುಕ ಹುಟ್ಟಿತ್ತು ಅಂತ ನಮ್ಮ ಸೀನಿಯರ್ ಹೇಳುತ್ತಿದ್ದರು.

ಬಯಲುಸೀಮೆ_ಬಸವ
ಅಧಿಕಾರಿಗಳಿಗೆ ಸರಿ. ದೊಡ್ಡವರಿಗೆ?

ಕಾವೇರಿ_ಕಣಿವೆ
ದೊಡ್ಡವರಿಗೂ ಆಗಿದೆ. ಬಾಬ್ರಿ ಮಸೀದಿ ಜಾಗದಲ್ಲಿ ಕಟ್ಟಡ ಕೆಲಸ ನಡೆಸಲ್ಲ ಅಂತ ಕೋರ್ಟಿಗೆ ಮಾತು ಕೊಟ್ಟು ತಪ್ಪಿದ್ದಕ್ಕೆ 1994ರಲ್ಲಿ ಉತ್ತರ ಪ್ರದೇಶದ ಮಾಜಿ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ಒಂದು ದಿನ ಜೈಲಿನಲ್ಲಿದ್ದರು. 2017ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸಿ.ಎಸ್. ಕರ್ಣನ್ ಅವರಿಗೆ ಸುಪ್ರೀಂ ಕೋರ್ಟಿನ 7 ಜನರ ಪೀಠ 6 ತಿಂಗಳು ಸಜೆ ಕೊಟ್ಟಿತು. ಹುದ್ದೆಯಲ್ಲಿದ್ದ ಹೈಕೋರ್ಟ್ ಜಡ್ಜ್‌ಗೇ ಹಾಗಾದದ್ದು ಅದೇ ಮೊದಲು.

ಬಯಲುಸೀಮೆ_ಬಸವ
ವಿಜಯ್ ಮಲ್ಯ? ಅವರಿಗೂ 2022ರಲ್ಲಿ 4 ತಿಂಗಳು ಜೈಲು, 2,000 ರೂಪಾಯಿ ದಂಡ ಅಂತ ಆಯಿತು. 4 ಕೋಟಿ ಡಾಲರ್ ಮಕ್ಕಳ ಕಡೆಗೆ ದಾಟಿಸಿ ಕೋರ್ಟಿನಿಂದ ಮುಚ್ಚಿಟ್ಟ ವಿಷಯ ಅದು. ಅವರು ಇದ್ದದ್ದು ಇಂಗ್ಲೆಂಡಿನಲ್ಲಿ. ಸಜೆ ಎಲ್ಲಿ ಅನುಭವಿಸಿದರು? 2,000 ರೂಪಾಯಿ ದಂಡ ಅಂಥವರಿಗೆ ಏನು ಲೆಕ್ಕ? 1971ರಲ್ಲಿ ಅದು ದೊಡ್ಡ ಮೊತ್ತ ಇರಬಹುದು. ಈಗ ಅಲ್ಲ. ಬಡವನಿಗೆ ಭಯ, ದೊಡ್ಡವರಿಗೆ ಏನೂ ಇಲ್ಲ.

ಲೀಡ್ಸ್_ಕನ್ನಡತಿ
ನಾನು ಇಂಗ್ಲೆಂಡಿನಲ್ಲಿದ್ದೇನೆ. ಈ ಕಾನೂನು ನಮಗೆ ಬಂದದ್ದೇ ಇಲ್ಲಿಂದ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೋರ್ಟಿನ ಹೆಸರಿಗೆ ಕಳಂಕ ತರುವುದು ಅನ್ನುವ ಅಪರಾಧವನ್ನು 2013ರಲ್ಲಿ ತೆಗೆದೇ ಹಾಕಿದರು. 1987ರಲ್ಲಿ ಒಂದು ಪತ್ರಿಕೆ ದೇಶದ ಅತಿ ದೊಡ್ಡ ನ್ಯಾಯಾಧೀಶರ ಫೋಟೋಗಳನ್ನು ತಲೆಕೆಳಗೆ ಹಾಕಿ "ಮೂರ್ಖರು" ಅಂತ ಅಚ್ಚು ಹಾಕಿತ್ತು. ಯಾರೂ ಕೇಸ್ ಹಾಕಲಿಲ್ಲ. ಕೋರ್ಟುಗಳು ಇಂದಿಗೂ ನಡೆಯುತ್ತಿವೆ, ಜನ ಇಂದಿಗೂ ಆದೇಶ ಪಾಲಿಸುತ್ತಾರೆ.

ಆದರೆ ಆದೇಶ ಮುರಿದವರನ್ನು ಇಲ್ಲಿ ಬಿಡುವುದಿಲ್ಲ. 2024ರಲ್ಲಿ ಕೋರ್ಟಿನ ತಡೆಯಾಜ್ಞೆ ಮುರಿದ ಟಾಮಿ ರಾಬಿನ್ಸನ್ ಅನ್ನುವವನಿಗೆ 18 ತಿಂಗಳು ಜೈಲಾಯಿತು. ಮೇಷ್ಟ್ರು ಹೇಳಿದ ಭಾಗ ಉಳಿಸಿಕೊಂಡು ಇನ್ನೊಂದು ಭಾಗ ತೆಗೆಯಬಹುದು. ಇಲ್ಲಿ ಮಾಡಿ ತೋರಿಸಿದ್ದಾರೆ.

ಸಿಂಗಾಪುರ_ಶೆಟ್ರು
ಇಂಗ್ಲೆಂಡ್ ತೆಗೆದರೆ ಎಲ್ಲರೂ ತೆಗೆದರು ಅಂತ ಅಲ್ಲ. ನಮ್ಮಲ್ಲಿ 2016ರಲ್ಲಿ ಹೊಸ ಕಾನೂನು ಮಾಡಿ ಶಿಕ್ಷೆಯನ್ನು 3 ವರ್ಷ ಜೈಲು, 1 ಲಕ್ಷ ಸಿಂಗಾಪುರ ಡಾಲರ್ ದಂಡದವರೆಗೆ ಇಟ್ಟರು. 2020ರಲ್ಲಿ ಲೀ ಕುವಾನ್ ಯೂ ಅವರ ಮೊಮ್ಮಗನಿಗೇ ಒಂದು ಫೇಸ್‌ಬುಕ್ ಪೋಸ್ಟ್‌ಗೆ 15,000 ಡಾಲರ್ ದಂಡ ಬಿತ್ತು. ಅದೂ ಸ್ನೇಹಿತರಿಗೆ ಮಾತ್ರ ಕಾಣುವ ಹಾಗೆ ಹಾಕಿದ ಪೋಸ್ಟ್. ಇಲ್ಲಿ ಕೋರ್ಟ್ ವಿಷಯ ಬಂದರೆ ಎಲ್ಲರೂ ಎಚ್ಚರದಿಂದ ಬರೆಯುತ್ತೇವೆ.

ಲೀಡ್ಸ್_ಕನ್ನಡತಿ
ಎಚ್ಚರವೋ ಭಯವೋ, ಶೆಟ್ರೇ?

ಸಿಂಗಾಪುರ_ಶೆಟ್ರು
ಎರಡೂ ಇದೆ, ಸುಳ್ಳು ಹೇಳಲ್ಲ. ಆದರೆ ಕೇಸ್ ಬೇಗ ಮುಗಿಯುತ್ತದೆ, ಆದೇಶ ಜಾರಿ ಆಗುತ್ತದೆ. ಹಾಗಾಗಿ ಜನರಿಗೆ ನಂಬಿಕೆಯೂ ಇದೆ.

ಶಿರಸ್ತೇದಾರ್_ಮಗಳು
ನಮ್ಮ ಅಪ್ಪ ಕೋರ್ಟಿನಲ್ಲೇ ಕೆಲಸ ಮಾಡಿದವರು. ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ತಾಲೂಕು ಮಟ್ಟದ ಜಡ್ಜ್ ಅಂದರೆ ಎಷ್ಟೋ ಸಲ ಮೂವತ್ತರ ಆಸುಪಾಸಿನ ಹುಡುಗಿ. ಪರ ಊರು. ಸಾಲು ಸಾಲು ಕೇಸ್. ಆಸ್ತಿ ಜಗಳದಲ್ಲಿ ಸೋತವನು ಕೋರ್ಟ್ ಹಾಲಿನಲ್ಲೇ ಕೂಗಾಡುತ್ತಾನೆ. ಅವರು ತಿರುಗಿ ಒಂದು ಮಾತು ಆಡುವ ಹಾಗಿಲ್ಲ, ಪತ್ರಿಕೆಗೆ ಹೇಳಿಕೆ ಕೊಡುವ ಹಾಗಿಲ್ಲ, ಫೇಸ್‌ಬುಕ್‌ನಲ್ಲಿ ಸಮಜಾಯಿಷಿ ಬರೆಯುವ ಹಾಗಿಲ್ಲ. ಅವರನ್ನು ಕಾಯುವ ಕಾನೂನು ಯಾವುದಾದರೂ ಬೇಕಲ್ವಾ? 2025ರ ಅಕ್ಟೋಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಗವಾಯಿ ಅವರ ಕಡೆಗೇ ಒಬ್ಬ ವಕೀಲ ಶೂ ಎಸೆಯಲು ಹೋದ. ದೇಶದ ಅತಿ ದೊಡ್ಡ ಕೋರ್ಟಿನಲ್ಲೇ ಹೀಗಾದರೆ ತಾಲೂಕು ಕೋರ್ಟಿನ ಗತಿ ಏನು?

ಹಳೇ_ವರದಿಗಾರ
ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಪ್ರಸಂಗದಲ್ಲಿ ಗವಾಯಿ ಅವರು ವಿಚಲಿತರಾಗದೆ ಮುಂದಿನ ಕೇಸ್ ಕೇಳಿದರು. ಕೇಂದ್ರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಒಪ್ಪಿಗೆ ಕೊಟ್ಟ ಮೇಲೂ ಸುಪ್ರೀಂ ಕೋರ್ಟ್ ನಿಂದನೆ ಕೇಸ್ ನಡೆಸಲು ಮನಸ್ಸು ಮಾಡಲಿಲ್ಲ. ಅದರಿಂದ ಕೋರ್ಟಿನ ಗೌರವ ಹೆಚ್ಚಿತೇ ಹೊರತು ಕಡಿಮೆ ಆಗಲಿಲ್ಲ.

ಶಿರಸ್ತೇದಾರ್_ಮಗಳು
ಅವರು ದೊಡ್ಡ ಮನಸ್ಸು ತೋರಿಸಿದರು, ಸರಿ. ಎದುರಿಗೇ ಬೈಸಿಕೊಂಡ ಚಿಕ್ಕ ಜಡ್ಜ್ ಏನು ಮಾಡಬೇಕು?

ಕರಿಕೋಟು_ಧಾರವಾಡ
ಅದಕ್ಕೆ ಬೇರೆ ದಾರಿ ಇದೆ. ನ್ಯಾಯಾಲಯ ನಡೆಯುತ್ತಿರುವಾಗ ಬೇಕಂತಲೇ ಅವಮಾನ ಮಾಡಿದರೆ ಮೊದಲು ಐಪಿಸಿ 228 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 267. 6 ತಿಂಗಳು ಸಾದಾ ಸಜೆ, ಇಲ್ಲ 5,000 ದಂಡ, ಇಲ್ಲ ಎರಡೂ. ಅಷ್ಟು ದೂರ ಹೋಗುವುದು ಬೇಡ ಅನ್ನಿಸಿದರೆ ಅವತ್ತು ಕೋರ್ಟ್ ಏಳುವುದರೊಳಗೆ ಅದೇ ಜಡ್ಜ್ 1,000 ರೂಪಾಯಿವರೆಗೆ ದಂಡ ಹಾಕಿ ಮುಗಿಸಬಹುದು. ಕೋರ್ಟ್ ಹಾಲಿನ ಶಿಸ್ತಿಗೆ ಇದು ಸಾಕು. ಹೊರಗಿನ ಮಾತಿಗೆ ಹೈಕೋರ್ಟ್ ತನಕ ಹೋಗುವ ಅಗತ್ಯ ಬಹಳ ಕಡಿಮೆ.

ಮಂಡ್ಯದ_ಗೌಡ
ಕೋರ್ಟಿನಲ್ಲಿ ಮೊಬೈಲ್ ರಿಂಗಾದರೆ ನಿಂದನೆನಾ? ನಮ್ಮ ಮಾವನ ಫೋನ್ ಕಿತ್ತುಕೊಂಡಿದ್ದರು.

ಕರಿಕೋಟು_ಧಾರವಾಡ
ಇಲ್ಲ ಗೌಡ್ರೇ. ಸೈಲೆಂಟ್ ಇಡಿ, ರಿಂಗಾದರೆ ಎದ್ದು ನಿಂತು ತಪ್ಪಾಯಿತು ಅನ್ನಿ, ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಆದರೆ ವಿಡಿಯೋ ಮಾತ್ರ ಮಾಡಬೇಡಿ. ನಮ್ಮ ಹೈಕೋರ್ಟಿನ ನೇರ ಪ್ರಸಾರದ ಕ್ಲಿಪ್ ಕತ್ತರಿಸಿ ಹಂಚುವುದಕ್ಕೂ ನಿಯಮದಲ್ಲಿ ಅವಕಾಶ ಇಲ್ಲ, ಅದು ನಿಂದನೆವರೆಗೂ ಹೋಗಬಹುದು.

ಮಂಡ್ಯದ_ಗೌಡ
ಕಾವೇರಿ ವಿಚಾರದಲ್ಲಿ ಎಸ್.ಎಂ. ಕೃಷ್ಣ ಅವರೂ ಕ್ಷಮೆ ಕೇಳಬೇಕಾಯಿತಲ್ಲ, 2002ರಲ್ಲಿ. ನಮ್ಮೂರಲ್ಲಿ ಆಗ ಎಷ್ಟು ಬೇಜಾರಾಗಿದ್ದರು ಜನ. ಕಟ್ಟೆಯಲ್ಲಿ ನೀರೇ ಇಲ್ಲ, ಬಿಡದಿದ್ದರೆ ನಿಂದನೆ. ಮುಖ್ಯಮಂತ್ರಿ ಏನು ಮಾಡಬೇಕಿತ್ತು ಹೇಳಿ?

ಕಾವೇರಿ_ಕಣಿವೆ
ಗೌಡ್ರೇ, ನಾನೂ ಅದೇ ಕಡೆಯವನು, ನೋವು ಗೊತ್ತು. ಆದರೆ ಒಂದು ರಾಜ್ಯ ಆದೇಶ ಪಾಲಿಸಲ್ಲ ಅಂದರೆ ನಾಳೆ ಇನ್ನೊಂದು ರಾಜ್ಯ ನಮ್ಮ ಪರ ಬಂದ ಆದೇಶವನ್ನೂ ಪಾಲಿಸಲ್ಲ. ಸಂಕಷ್ಟ ಇದ್ದರೆ ಕೋರ್ಟಿಗೇ ಹೋಗಿ ಆದೇಶ ಬದಲಾಯಿಸಿ ಅಂತ ಕೇಳಬೇಕು.

ಮಂಡ್ಯದ_ಗೌಡ
ಕೇಳುವಷ್ಟರಲ್ಲಿ ಪೈರು ಒಣಗುತ್ತದೆ. ನಾನು ಒಪ್ಪಲ್ಲ.

ಬಯಲುಸೀಮೆ_ಬಸವ
ಕೋರ್ಟ್ ಒಂದೇ ಯಾಕೆ? ಶಾಸಕರ ಬಗ್ಗೆ ಬರೆದರೂ ಜೈಲು ಅಂತಾರಲ್ಲ, ಅದು ಯಾವ ಕಾನೂನು?

ಹಳೇ_ವರದಿಗಾರ
ಅದು ಹಕ್ಕುಚ್ಯುತಿ, ಅಂದರೆ ಸದನದ, ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ತರುವುದು. ಸಂವಿಧಾನದ 194ನೇ ವಿಧಿ. ನಮ್ಮ ವಿಧಾನಸಭೆಯೇ 2017ರ ಜೂನ್‌ನಲ್ಲಿ ರವಿ ಬೆಳಗೆರೆ ಮತ್ತು ಯಲಹಂಕದ ಒಂದು ಸ್ಥಳೀಯ ಪತ್ರಿಕೆಯ ಸಂಪಾದಕ ಅನಿಲ್ ರಾಜ್ ಅವರಿಗೆ ಒಂದು ವರ್ಷ ಜೈಲು, ತಲಾ 10,000 ರೂಪಾಯಿ ದಂಡ ಅಂತ ತೀರ್ಮಾನಿಸಿತು. ಶಾಸಕರ ಬಗ್ಗೆ ಬರೆದ ಲೇಖನಗಳಿಗೆ. ಅವರು ಹೈಕೋರ್ಟಿಗೆ ಹೋದರು.

ನ್ಯಾಯಾಂಗ ನಿಂದನೆಗೆ ಕಡೇಪಕ್ಷ ಒಂದು ಕಾಯ್ದೆ ಇದೆ. 6 ತಿಂಗಳು ಅಂತ ಮಿತಿ ಇದೆ, ಅಪೀಲು ಇದೆ. ಸತ್ಯವನ್ನೇ ಸಾರ್ವಜನಿಕ ಹಿತಕ್ಕೆ ಹೇಳಿದೆ ಅನ್ನುವ ರಕ್ಷಣೆ 2006ರಲ್ಲಿ ಬಂದಿದೆ. ಹಕ್ಕುಚ್ಯುತಿಗೆ ಏನು ಮಿತಿ ಅಂತ ಬರೆದ ಕಾಯ್ದೆಯೇ ಇಲ್ಲ. ನನ್ನ ಮಟ್ಟಿಗೆ ಅದು ಇದಕ್ಕಿಂತ ದೊಡ್ಡ ಅಪಾಯ.

1964ರಲ್ಲಿ ಉತ್ತರ ಪ್ರದೇಶದಲ್ಲಿ ಇವೆರಡೂ ಡಿಕ್ಕಿ ಹೊಡೆದವು. ಒಬ್ಬ ಶಾಸಕರ ವಿರುದ್ಧ ಕರಪತ್ರ ಹಂಚಿದ ಗೋರಖ್‌ಪುರದ ಕೇಶವ ಸಿಂಗ್ ಅವರನ್ನು ವಿಧಾನಸಭೆ ಜೈಲಿಗೆ ಕಳಿಸಿತು. ಅಲಹಾಬಾದ್ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಜಾಮೀನು ಕೊಟ್ಟರು. ಸಭೆ ಸಿಟ್ಟಿಗೆದ್ದು ಆ ನ್ಯಾಯಮೂರ್ತಿಗಳನ್ನೇ ಹಿಡಿದು ತನ್ನಿ ಅಂತ ನಿರ್ಣಯ ಮಾಡಿತು! ಹೈಕೋರ್ಟಿನ 28 ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ಅದಕ್ಕೆ ತಡೆ ಕೊಟ್ಟರು. ಕೊನೆಗೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಬೇಕಾಯಿತು. ಸಭೆ ಕೊಟ್ಟ ಶಿಕ್ಷೆಯನ್ನೂ ಕೋರ್ಟ್ ಪರಿಶೀಲಿಸಬಹುದು ಅಂತ ಅದೇ ವರ್ಷ ಬಹುಮತದ ಅಭಿಪ್ರಾಯ ಬಂತು. ಅಧಿಕಾರ ತನ್ನ ಮಾನಕ್ಕೆ ತಾನೇ ತೀರ್ಪು ಕೊಡಲು ಹೊರಟರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ.

ಗಾಂಧಿಬಜಾರ್_ಹುಡುಗ
28 ಜನ ಒಟ್ಟಿಗಾ! ಇದು ನನಗೆ ಗೊತ್ತೇ ಇರಲಿಲ್ಲ.

ಕಾವೇರಿ_ಕಣಿವೆ
ಇನ್ನೊಂದು ದಾರಿಯನ್ನೂ ಮರೆಯಬೇಡಿ. 2022ರ ಫೆಬ್ರವರಿಯಲ್ಲಿ ನಟ ಚೇತನ್ ಅವರನ್ನು ಬೆಂಗಳೂರು ಪೊಲೀಸರು ಬಂಧಿಸಿದ್ದು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಬಗ್ಗೆ ಮಾಡಿದ ಟ್ವೀಟ್‌ಗೆ. ಆದರೆ ಅದು ನಿಂದನೆ ಕಾಯ್ದೆ ಅಲ್ಲ, ಐಪಿಸಿ 505(2) ಮತ್ತು 504. ನಿಂದನೆ ಕಾಯ್ದೆಯಲ್ಲಿ ಅಡ್ವೊಕೇಟ್ ಜನರಲ್ ಅನ್ನುವ ಒಂದು ಜರಡಿ ಇದೆ. ಪೊಲೀಸ್ ದೂರಿಗೆ ಆ ಜರಡಿ ಇಲ್ಲ. ಎದುರು ಪಾರ್ಟಿಯವರು ಸ್ಟೇಷನ್‌ಗೆ ಹೋದರೆ ಅಂತ ಸ್ವಲ್ಪ ಎಚ್ಚರ ಇರಲಿ.

ಶಿರಸ್ತೇದಾರ್_ಮಗಳು
ಪಹಣಿ ನೋಡಲಿಲ್ಲ ಅಂದದ್ದಕ್ಕೆ 505ರಂಥ ಸೆಕ್ಷನ್ ಹೇಗೆ ಬರುತ್ತದೆ? ಅದು ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಮಾತಿಗೆ. ಮತ್ತೆ ಆ ಅಮ್ಮನನ್ನು ಹೆದರಿಸಬೇಡಿ.

ನಿವೃತ್ತ_ಮೇಷ್ಟ್ರು_ಹಾಸನ
ನಾನು ಮತ್ತೆ ಅದೇ ಮಾತಿಗೆ ಬರುತ್ತೇನೆ. ಮಾತಿಗೆ ಶಿಕ್ಷೆ ಬೇಡ ಅನ್ನಿ, ಒಪ್ಪುತ್ತೇನೆ. ಆದೇಶ ಪಾಲಿಸದ ಕಚೇರಿಗಳಿಗೆ ಶಿಕ್ಷೆ ಇನ್ನೂ ಬಿಗಿ ಆಗಲಿ. ಈಗ ಆಗುತ್ತಿರುವುದು ತಿರುಗಾಮುರುಗಾ. ಒಂದು ಟ್ವೀಟ್ ಕೇಸ್ ತಿಂಗಳಲ್ಲಿ ಮುಗಿಯುತ್ತದೆ, ಪಿಂಚಣಿ ಕೇಸ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನನ್ನ ಜೊತೆ ಅರ್ಜಿ ಹಾಕಿದ್ದ ಒಬ್ಬ ಮೇಷ್ಟ್ರು ದುಡ್ಡು ಬರುವ ಮೊದಲೇ ತೀರಿಕೊಂಡರು. ಅವರ ಹೆಂಡತಿ ಆ ಆದೇಶದ ಪ್ರತಿ ನನ್ನ ಕೈಗೆ ಕೊಟ್ಟು "ಇದಕ್ಕೆ ಬೆಲೆ ಇದೆಯಾ ಮೇಷ್ಟ್ರೇ" ಅಂತ ಕೇಳಿದರು. ಜನರ ಕಣ್ಣಿನಲ್ಲಿ ಕೋರ್ಟಿನ ಗೌರವ ಕಳೆಯುವುದು ಅಲ್ಲಿ.

ಬಯಲುಸೀಮೆ_ಬಸವ
ಮೇಷ್ಟ್ರೇ, ಇದನ್ನು ಒಪ್ಪಿದೆ. ನಾನು ಕಾನೂನೇ ಬೇಡ ಅನ್ನುತ್ತಿದ್ದೆ. ಈಗ ಅರ್ಧ ಬೇಕು ಅನ್ನುತ್ತೇನೆ.

ಹಳೇ_ವರದಿಗಾರ
ಸರ್ಕಾರ ಇದನ್ನು ಕೇಳಿ ನೋಡಿತ್ತು. 2018ರಲ್ಲಿ ಕಾನೂನು ಆಯೋಗ ತನ್ನ 274ನೇ ವರದಿಯಲ್ಲಿ ನಿಂದನೆಯ ವ್ಯಾಖ್ಯೆ ಬದಲಾಯಿಸುವುದು ಬೇಡ ಅಂದಿತು. ಕಾಯ್ದೆ ತೆಗೆದರೂ ಸಂವಿಧಾನದ 129 ಮತ್ತು 215ನೇ ವಿಧಿಯಲ್ಲಿ ಕೋರ್ಟುಗಳಿಗೆ ಆ ಅಧಿಕಾರ ಇದ್ದೇ ಇರುತ್ತದೆ ಅನ್ನುವುದು ಅವರ ವಾದ. ಅದು ಸರಿಯೇ. ಹಾಗಿದ್ದರೂ ಯಾವಾಗ ಬಳಸಬೇಕು, ಯಾವಾಗ ಬೇಡ ಅಂತ ಕೋರ್ಟೇ ಕೈ ಬಿಗಿ ಹಿಡಿಯಬಹುದು.

ತುಂಗಾತೀರ
ಎಲ್ಲರಿಗೂ ವಂದನೆ. ಇಷ್ಟು ವಿಷಯ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಕರಿಕೋಟು ಸರ್, ಒಂದು ಪ್ರಶ್ನೆ. ನಿಜವಾಗಲೂ ಜಡ್ಜ್ ನಡವಳಿಕೆ ಸರಿ ಇಲ್ಲ ಅನ್ನಿಸಿದರೆ ಎಲ್ಲಿ ಹೇಳಬೇಕು? ಅದೂ ನಿಂದನೆ ಆಗುತ್ತದಾ?

ಕರಿಕೋಟು_ಧಾರವಾಡ
ಆಗುವುದಿಲ್ಲ. 6ನೇ ಸೆಕ್ಷನ್. ಕೆಳ ಕೋರ್ಟಿನ ನ್ಯಾಯಾಧೀಶರ ಬಗ್ಗೆ ಪ್ರಾಮಾಣಿಕವಾಗಿ ಹೈಕೋರ್ಟಿಗೆ ದೂರು ಕೊಟ್ಟರೆ ನಿಂದನೆ ಅಲ್ಲ. ನಮ್ಮ ಹೈಕೋರ್ಟಿನಲ್ಲಿ ಇದಕ್ಕೆ ಜಾಗೃತ ವಿಭಾಗ ಇದೆ. ಆದರೆ ತೀರ್ಪು ತಪ್ಪು ಅನ್ನುವುದಷ್ಟೇ ನಿಮ್ಮ ದೂರಾದರೆ ಅದಕ್ಕೆ ದಾರಿ ಅಪೀಲು. ಹೈಕೋರ್ಟಿಗಲ್ಲದೆ ಅದರ ಕೆಳಗಿನ ಮೇಲ್ಮನವಿ ಕೋರ್ಟಿಗಾದರೆ 30 ದಿನ ಟೈಮು. ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದಿರಾ? ಹಾಕಿಲ್ಲದಿದ್ದರೆ ನಾಳೆಯೇ ಹಾಕಿ. ಕಾಪಿ ತಯಾರಾಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ.

ತುಂಗಾತೀರ
ಇಲ್ಲ ಸರ್, ಈ ಗಾಬರಿಯಲ್ಲಿ ಅದು ಉಳಿದುಹೋಗಿದೆ. ನಾಳೆ ಬೆಳಿಗ್ಗೆಯೇ ಹೋಗುತ್ತೇವೆ.

ಮಲ್ಲಿಗೆ_ಹೂವಿನಹಡಗಲಿ
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಮೇಷ್ಟ್ರು ಬರೆದದ್ದು ಓದಿ ಕೇಳುತ್ತಿದ್ದೇನೆ. ನನ್ನ ಗಂಡ ತೀರಿಕೊಂಡ ಮೇಲೆ ಅನುಕಂಪದ ನೌಕರಿ ಕೊಡಿ ಅಂತ ಹೈಕೋರ್ಟ್ ಆದೇಶ ಆಗಿದೆ. ಇಲಾಖೆಯವರು ಇನ್ನೂ ಏನೂ ಮಾಡಿಲ್ಲ. ಕೊಟ್ಟ ಗಡುವು ಮುಗಿದು 8 ತಿಂಗಳಾಯಿತು. ನಾನೂ ಸಿ.ಸಿ.ಸಿ. ಹಾಕಬಹುದಾ?

ಕರಿಕೋಟು_ಧಾರವಾಡ
ಹಾಕಬಹುದು ಅಮ್ಮ, ಆದರೆ ತಡ ಮಾಡಬೇಡಿ. 20ನೇ ಸೆಕ್ಷನ್ ಪ್ರಕಾರ ನಿಂದನೆ ಆದ ದಿನದಿಂದ ಒಂದು ವರ್ಷದೊಳಗೆ ಕ್ರಮ ಶುರುವಾಗಬೇಕು. ಅಷ್ಟರೊಳಗೆ ಅರ್ಜಿ ಸಲ್ಲಿಸಿದ್ದರೆ ಸಾಕು ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ನಿಮ್ಮ ಹತ್ತಿರ 4 ತಿಂಗಳಿದೆ. ಆದೇಶದ ಪ್ರತಿ ಇಲಾಖೆಗೆ ತಲುಪಿದ್ದಕ್ಕೆ ಸ್ವೀಕೃತಿ ಇದೆಯಾ? ಇಲ್ಲದಿದ್ದರೆ ಈಗಲೇ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀತಿ ಇಟ್ಟುಕೊಳ್ಳಿ. "ನಮಗೆ ಆದೇಶ ಬಂದೇ ಇಲ್ಲ" ಅನ್ನುವುದೇ ಅವರ ಮೊದಲ ನೆಪ.

ನಿವೃತ್ತ_ಮೇಷ್ಟ್ರು_ಹಾಸನ
ತಾಯಿ, ಪೋಸ್ಟ್ ಜೊತೆಗೆ ಕಚೇರಿಯ ಟಪಾಲು ವಿಭಾಗದಲ್ಲೂ ಒಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ನಮ್ಮ ಕೇಸಿನಲ್ಲಿ ಆ ಸೀಲೇ ಕೆಲಸಕ್ಕೆ ಬಂತು.